ಮಣ್ಣಿನ ಇಟ್ಟಿಗೆಗೆ ಹುಲ್ಲು, ಸುಣ್ಣ, ಸಿಮೆಂಟ್

ಭತ್ತದ ಹುಲ್ಲು ಬೆರೆಸಿ ಮಾಡಿದ ಸುಡದ ಇಟ್ಟಿಗೆಯ ಗೋಡೆಯೂ ಜಡಿಮಳೆಗೆ ಕುಸಿಯುವುದುಂಟು. ಇದರ ಕಾರಣವನ್ನು ರೈತರು ತಿಳಿದಿರುವುದು ಅವಶ್ಯ. ಇಟ್ಟಿಗೆ ಒಣಗುವಾಗ ಬಿರುಕು ಬಿಡದಂತೆ ಹುಲ್ಲಿನ ಎಳೆಗಳು ಹಿಡಿದಿಡುತ್ತವೆ. ಆದರೆ ಜೇಡಿ ನೀರಿನಲ್ಲಿ ಕರಗುವುದನ್ನು ತಡೆಯಲಾರವು. ಆ ಕೆಲಸ ಸುಣ್ಣ ಅಥವಾ ಸಿಮೆಂಟಿನದು.

ಮರಳಿನಂಶವುಳ್ಳ ಕೆಂಪು ಮಣ್ಣಿಗೆ ಸಿಮೆಂಟ್ ಹೊಂದುತ್ತದೆ. ಯಂತ್ರದಲ್ಲಿ ಒತ್ತುವ ಇಟ್ಟಿಗೆಯಾದರೆ 100 ಕಿಲೋ ಒಣಮಣ್ಣಿಗೆ 6ರಿಂದ 8 ಕಿಲೋ ಸಾಕು. ನೀರು ಹಾಕಿ ಕಲಸಿದ ಒಂದು ಗಂಟೆಯೊಳಗೆ ಅಚ್ಚು ಹಾಕಬೇಕು. ಜೇಡಿ ಹೆಚ್ಚಿರುವ ಎರೆಮಣ್ಣಿಗೆ ಸುಣ್ಣವೇ ಲೇಸು. ಅದು ಜೇಡಿಯೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ.

ಹುಲ್ಲನ್ನು ಒಂದೆರಡು ಅಂಗುಲದ ತುಂಡುಗಳಾಗಿ ಕತ್ತರಿಸಿ ಮಿತವಾಗಿ ಬೆರೆಸಬೇಕು. ಹೆಚ್ಚಾದರೆ ಒಳಗೆ ಟೊಳ್ಳು ಉಳಿದು, ಇಟ್ಟಿಗೆಯ ಭಾರ ಹೊರುವ ಶಕ್ತಿ ಕುಗ್ಗುತ್ತದೆ. ಅಲ್ಲದೆ ಸಿಮೆಂಟ್ ಮತ್ತು ಸುಣ್ಣದ ಕ್ಷಾರವು ವರ್ಷಗಳು ಕಳೆದಂತೆ ಹುಲ್ಲಿನ ಎಳೆಯನ್ನು ದುರ್ಬಲಗೊಳಿಸುತ್ತದೆ. ಆದ್ದರಿಂದ ಇಟ್ಟಿಗೆಯ ಬಲಕ್ಕೆ ಹುಲ್ಲನ್ನೇ ನಂಬಕೂಡದು.

ಸಿಮೆಂಟ್ ಬೆರೆಸಿದ ಇಟ್ಟಿಗೆಗೆ ನೆರಳಿನಲ್ಲಿ ಮೂರು ವಾರ ನೀರುಣಿಸಬೇಕು. ಸುಣ್ಣದ್ದಕ್ಕೆ ಇನ್ನೂ ಹೆಚ್ಚು ದಿನ. ಗೋಡೆ ಕಟ್ಟುವ ಮುನ್ನ ಒಂದೆರಡು ಇಟ್ಟಿಗೆಗಳನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಡಿ. ಮೂಲೆ ಕರಗದೆ ಗಟ್ಟಿಯಾಗಿ ನಿಂತರೆ ಮಾತ್ರ ಆ ಮಿಶ್ರಣದಿಂದ ಕಟ್ಟಿರಿ.