ಅಂಗಡಿ ಬಾಡಿಗೆಯ ಕರಾರು: ನಾವು ತಿಳಿದಿರಬೇಕಾದ ಕೆಲವು ಸಂಗತಿಗಳು



ತೋಟದ ಮಾಲನ್ನು ದಲ್ಲಾಳಿಗಳ ನೆರವಿಲ್ಲದೆ ನೇರವಾಗಿ ಗಿರಾಕಿಗೆ ಮುಟ್ಟಿಸಬೇಕೆಂಬ ಉತ್ಸಾಹದಿಂದ ನಮ್ಮ ಸದಸ್ಯರ ಮಕ್ಕಳು ದೂರದ ಊರುಗಳಲ್ಲಿ ಕಾಫಿಪುಡಿ, ಅಡಿಕೆ, ಕಾಳುಮೆಣಸಿನ ಅಂಗಡಿಗಳನ್ನು ತೆರೆಯುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ತೋಟದ ಪಹಣಿಯನ್ನು ನಾಲ್ಕು ಸಲ ಓದಿ ನೋಡುವ ನಾವು, ಅಂಗಡಿಯ ಬಾಡಿಗೆ ಕರಾರಿಗೆ ಒಮ್ಮೆಯೂ ಓದದೆ ರುಜು ಹಾಕುತ್ತೇವೆ. ಇದರಿಂದ ಒದಗುವ ಕಷ್ಟವನ್ನು ಈಚಿನ ಒಂದು ಪ್ರಸಂಗದ ಮೂಲಕ ವಿವರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಸದಸ್ಯರೊಬ್ಬರ ಮಗ 2022ರಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಅಂಗಡಿ ಹಾಕಿದ. ಕೃಷ್ಣಾ ಕಾಲುವೆಯ ನೀರಿನಿಂದ ಭತ್ತ, ಹತ್ತಿ ಬೆಳೆಯುವ ಸೀಮೆ ಅದು. ಅಲ್ಲಿಯ ಜನ ಹೆಚ್ಚಾಗಿ ಚಹಾ ಕುಡಿಯುವವರು. ಆದರೂ ಅಡಿಕೆಯ ವ್ಯಾಪಾರದ ಜೊತೆಗೆ ಕಾಫಿಪುಡಿಯ ರುಚಿಯನ್ನೂ ಹುಡುಗ ನಿಧಾನವಾಗಿ ಹತ್ತಿಸಿದ. ಹನ್ನೆರಡು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮಳಿಗೆ. ಒಂದು ಲಕ್ಷ ರೂಪಾಯಿ ಮುಂಗಡ. ಹನ್ನೊಂದು ತಿಂಗಳ ಕರಾರು. ಪುಡಿ ಮಾಡುವ ಯಂತ್ರ, ಕಪಾಟು, ವಿದ್ಯುತ್ ಜೋಡಣೆ ಎಂದು ಮೂರೂವರೆ ಲಕ್ಷ ಸುರಿದ. ಅದರಲ್ಲಿ ಹೆಚ್ಚಿನ ಪಾಲು ತಂದೆ ತೋಟದ ಮೇಲೆ ಎತ್ತಿದ ಸಾಲ. ಹನ್ನೊಂದು ತಿಂಗಳು ಮುಗಿದ ಮೇಲೆ ಹೊಸ ಕಾಗದ ಆಗಲಿಲ್ಲ. ಬಾಡಿಗೆ ಕೊಡುತ್ತ ಹೋದ, ಮಾಲೀಕರು ತೆಗೆದುಕೊಳ್ಳುತ್ತ ಹೋದರು.

ಎರಡು ವರ್ಷ ಕಳೆಯಿತು. ಔಷಧಿ ಅಂಗಡಿಯವರೊಬ್ಬರು ಅದೇ ಮಳಿಗೆಗೆ ದುಪ್ಪಟ್ಟು ಬಾಡಿಗೆ ಕೊಡಲು ಮುಂದೆ ಬಂದರು. ಮಾಲೀಕರು ಬಂದು, "ತಮ್ಮಾ, ಕರಾರು ಮುಗದು ಭಾಳ ದಿನ ಆತು. ಹದಿನೈದು ದಿನದಾಗ ಜಾಗಾ ಖಾಲಿ ಮಾಡಿಕೊಡು" ಎಂದರು. ಹಿಂದೆಯೇ ವಕೀಲರ ನೋಟೀಸೂ ಬಂತು. ಹುಡುಗ ಯಾರದೋ ಮಾತು ಕೇಳಿ, ಸಿಟ್ಟಿನಿಂದ ಬಾಡಿಗೆ ಕೊಡುವುದನ್ನೇ ನಿಲ್ಲಿಸಿದ. ಮೂರು ತಿಂಗಳ ಬಾಡಿಗೆ ಬಾಕಿ ನಿಂತಿತು. ಮಾಲೀಕರು ತಮ್ಮದೇ ಬೀಗ ಜಡಿಯುವುದಾಗಿ ಹೇಳಿದ ದಿನ ನನಗೆ ಫೋನು ಬಂತು: "ಮಾವಾ, ಬೀಗದ ಕೈ ಕೊಟ್ಟುಬಿಡಲಾ?"

ಈ ಪ್ರಸಂಗದಿಂದ ಕಲಿಯತಕ್ಕ ಪಾಠಗಳು ಹೀಗಿವೆ.

1. ಹಳೆಯ ಕಾಯಿದೆಯ ನೆರಳು ಈಗ ಇಲ್ಲ

"ಬಾಡಿಗೆದಾರನನ್ನು ಯಾರೂ ಬಿಡಿಸಲಾರರು" ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. ಅದು 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಕಾಲದ ಮಾತು. ಅದರ ಬದಲಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಇದರ ರಕ್ಷಣೆ 14 ಚದರ ಮೀಟರು, ಅಂದರೆ ಸುಮಾರು 150 ಚದರ ಅಡಿ ಮೀರಿದ ವ್ಯಾಪಾರದ ಮಳಿಗೆಗೆ ದೊರೆಯುವುದಿಲ್ಲ. ನಮ್ಮ ಹುಡುಗನ ಮಳಿಗೆ 240 ಚದರ ಅಡಿ. ಚಿಕ್ಕ ಮಳಿಗೆಯಾದರೂ ಬಾಡಿಗೆಯ ಮಿತಿ ಮತ್ತು ಕಾಯಿದೆಯ ಪಟ್ಟಿಯಲ್ಲಿ ಆ ಊರು ಸೇರಿದೆಯೇ ಎಂಬುದನ್ನು ವಕೀಲರಲ್ಲಿ ಕೇಳಿ ತಿಳಿಯಬೇಕು.

2. ಉಳಿದವರಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಗತಿ

ಬೇರೆ ಕರಾರು ಇಲ್ಲದಿದ್ದರೆ ಅಂಗಡಿಯ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವಂಥದು. ಇದನ್ನು ಕೊನೆಗೊಳಿಸಲು 106ನೆಯ ಕಲಮಿನಂತೆ ಹದಿನೈದು ದಿನಗಳ ಲಿಖಿತ ನೋಟೀಸು ಸಾಕು. ಕಾರಣ ತೋರಿಸಬೇಕಾಗಿಲ್ಲ. ಹನ್ನೊಂದು ತಿಂಗಳ ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ಪಡೆಯುತ್ತಿದ್ದರೆ 116ನೆಯ ಕಲಮಿನಂತೆ ಇದೇ ಸ್ಥಿತಿ.

3. ಐದು ವರ್ಷದ ಮಾತಿಗೆ ನೋಂದಣಿ ಬೇಕು

ಒಂದು ವರ್ಷ ಮೀರಿದ ಗುತ್ತಿಗೆ ನೋಂದಾಯಿತ ಪತ್ರದಿಂದಲೇ ಆಗಬೇಕೆಂದು 107ನೆಯ ಕಲಮು ವಿಧಿಸುತ್ತದೆ. ನೋಂದಣಿಯ ಖರ್ಚು ಉಳಿಸಲೆಂದೇ ಹನ್ನೊಂದು ತಿಂಗಳ ಕರಾರಿನ ರೂಢಿ ಬೆಳೆದಿದೆ. ಐದು ವರ್ಷವೆಂದು ಬರೆದು ನೋಂದಣಿ ಮಾಡಿಸದಿದ್ದರೆ ಏನಾಗುತ್ತದೆ? ಕೇರಳದಿಂದ ಬಂದ ಅಂತೋನಿ ವಿರುದ್ಧ ಇಟ್ಟೂಪ್ ಪ್ರಕರಣದಲ್ಲಿ 2000ನೆಯ ಇಸವಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ವಿಚಾರಿಸಿತು. ಆ ಪತ್ರದಿಂದ ಐದು ವರ್ಷದ ಗುತ್ತಿಗೆ ಹುಟ್ಟುವುದಿಲ್ಲ. ಜಾಗ ಒಪ್ಪಿಸಿ ಬಾಡಿಗೆ ಪಡೆದುದರಿಂದ ತಿಂಗಳ ಬಾಡಿಗೆ ಮಾತ್ರ ಉಂಟಾಗುತ್ತದೆ ಎಂದು ತೀರ್ಪಿತ್ತಿತು. ಮೂರೂವರೆ ಲಕ್ಷ ಹೂಡುವವನು ನೋಂದಣಿಗೆ ಜಿಪುಣತನ ಮಾಡುವುದು, ಬೇಲಿ ಹಾಕದೆ ಸಸಿ ನೆಟ್ಟಂತೆ.

4. ಬಾಡಿಗೆ ನಿಲ್ಲಿಸಬಾರದು

ವ್ಯಾಜ್ಯ ಬಂದಾಗ ಬಾಡಿಗೆ ನಿಲ್ಲಿಸುವುದು ಎದುರು ಪಕ್ಷಕ್ಕೆ ನಾವೇ ಅಸ್ತ್ರ ಕೊಟ್ಟಂತೆ. ಮಾಲೀಕರು ಕೈಯಲ್ಲಿ ಪಡೆಯದಿದ್ದರೆ ಬ್ಯಾಂಕಿನ ಮೂಲಕ ಕಳುಹಿಸಿ, ಅದರ ವಿವರವನ್ನು ಸ್ವೀಕೃತಿ ದೊರೆಯುವ ಅಂಚೆಯಲ್ಲಿ ತಿಳಿಸಬೇಕು. ನೋಟೀಸಿನ ಅವಧಿ ಮುಗಿದ ಮೇಲೂ ಕುಳಿತು ದಾವೆಯಲ್ಲಿ ಸೋತರೆ, ಅಷ್ಟೂ ಕಾಲಕ್ಕೆ ಪೇಟೆಯ ದರದಲ್ಲಿ ಪರಿಹಾರ ತೆರಬೇಕಾಗಬಹುದು ಎಂಬುದನ್ನೂ ಮರೆಯಬಾರದು.

5. ಬಲವಂತಕ್ಕೆ ಬಗ್ಗಬಾರದು

ನೋಟೀಸಿನ ಅವಧಿ ಮುಗಿದರೂ ಮಾಲೀಕರು ತಾವಾಗಿ ಬೀಗ ಜಡಿಯುವಂತಿಲ್ಲ. ನ್ಯಾಯಾಲಯದ ಮೂಲಕವೇ ಬಿಡಿಸಬೇಕು. ಕಾನೂನುಕ್ರಮವಿಲ್ಲದೆ ಹೊರದಬ್ಬಿದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಂತೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಬೇರೆ ಕರಾರು ಇಲ್ಲದಿದ್ದರೆ, ಜಾಗ ಬಿಡುವ ಮುನ್ನ ನಾವು ಜೋಡಿಸಿದ ಯಂತ್ರ, ಕಪಾಟುಗಳನ್ನು ಬಿಚ್ಚಿಕೊಳ್ಳುವ ಹಕ್ಕು 108ನೆಯ ಕಲಮಿನಲ್ಲಿದೆ. ಆದರೆ ಜಾಗವನ್ನು ಮೊದಲಿನ ಸ್ಥಿತಿಯಲ್ಲಿ ಒಪ್ಪಿಸಬೇಕು.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಬೀಗದ ಕೈ ಕೊಡಬೇಡ. ಇವತ್ತೇ ಮೂರು ತಿಂಗಳ ಬಾಕಿ ಕಟ್ಟು. ನಾಳೆ ವಕೀಲರನ್ನು ಕಾಣು." ವಕೀಲರು ಕಾಗದ ನೋಡಿ, ಗೆಲ್ಲುವ ಆಸೆ ಬೇಡವೆಂದು ನೇರವಾಗಿ ಹೇಳಿದರು. ಸಮಯ ಕೇಳಿಕೊಳ್ಳುವುದೇ ಲೇಸೆಂದರು. ಎರಡೂ ಕಡೆಯವರು ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಮೂಲಕ ಲೋಕ ಅದಾಲತ್ತಿನಲ್ಲಿ ಕುಳಿತರು. ಮಾಲೀಕರೂ ಕಟುಕರಲ್ಲ, ಅವರಿಗೂ ವರಮಾನದ ಚಿಂತೆ ಇತ್ತು. ಎಂಟು ತಿಂಗಳ ಅವಕಾಶ, ಬಾಡಿಗೆಯಲ್ಲಿ ಸ್ವಲ್ಪ ಏರಿಕೆ, ಬಿಡುವ ದಿನವೇ ಮುಂಗಡ ವಾಪಸು ಎಂದು ತೀರ್ಮಾನವಾಯಿತು. ಲೋಕ ಅದಾಲತ್ತಿನ ತೀರ್ಮಾನಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಹುಡುಗ ಅದೇ ಊರಿನಲ್ಲಿ ಬೇರೆ ಮಳಿಗೆ ಹಿಡಿದ. ಯಂತ್ರ ಅವನ ಜೊತೆಗೇ ಹೋಯಿತು. ಆದರೆ ಗೋಡೆಗೆ, ವಿದ್ಯುತ್ ಜೋಡಣೆಗೆ ಹಾಕಿದ ಹಣ ಅಲ್ಲಿಯೇ ಉಳಿಯಿತು. ಆ ಸಾಲದ ಕಂತನ್ನು ತಂದೆ ಇಂದಿಗೂ ಕಟ್ಟುತ್ತಿದ್ದಾರೆ.

ಇದು ಅನುಭವವಿಲ್ಲದ ಹುಡುಗನೊಬ್ಬನ ಕತೆಯೆಂದು ಯಾರೂ ತಳ್ಳಿಹಾಕಬಾರದು. ಕಾಫಿ ಕಾರ್ಮಿಕರು 1957ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಹಕಾರ ಸಂಘವನ್ನು ನಾವೆಲ್ಲ ಬಲ್ಲೆವು. ಅದು ಮಹಾತ್ಮ ಗಾಂಧಿ ರಸ್ತೆಯಲ್ಲಿ ಸುಮಾರು ಅರ್ಧ ಶತಮಾನ ನಡೆಸಿದ ಇಂಡಿಯಾ ಕಾಫಿ ಹೌಸ್, ಕಟ್ಟಡದ ಮಾಲೀಕರೊಡನೆ ನಡೆದ ವ್ಯಾಜ್ಯದ ಬಳಿಕ 2009ರ ಏಪ್ರಿಲಿನಲ್ಲಿ ಬಾಗಿಲು ಹಾಕಿ, ಚರ್ಚ್ ಸ್ಟ್ರೀಟಿಗೆ ಸ್ಥಳ ಬದಲಿಸಬೇಕಾಯಿತು. ಜನರ ಪ್ರೀತಿ ಎಷ್ಟೇ ಇದ್ದರೂ, ನಿಂತ ನೆಲ ಪರರದು.

ಆದುದರಿಂದ ಅಂಗಡಿಗೆ ಮುಂಗಡ ಕೊಡುವ ಮೊದಲೇ ಈ ಆರು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಎಷ್ಟು ವರ್ಷ, ಬಾಡಿಗೆ ಏರಿಕೆ ಎಷ್ಟು, ಬಿಡಿಸಲು ಎಷ್ಟು ತಿಂಗಳ ನೋಟೀಸು, ದುರಸ್ತಿ ಯಾರದು, ಮುಂಗಡ ಯಾವಾಗ ವಾಪಸು, ನಾವು ಹಾಕಿದ ಸಾಮಾನು ಯಾರಿಗೆ. ಅವಧಿ ವರ್ಷ ಮೀರಿದರೆ ತಪ್ಪದೆ ನೋಂದಾಯಿಸಿರಿ. ಬೆಳೆ ಬರುವಷ್ಟು ಕಾಲ ನೆಲ ನಮ್ಮ ಕೈಯಲ್ಲಿದೆಯೇ ಎಂದು ನೋಡದೆ ಯಾವ ರೈತನೂ ಅಡಿಕೆ ಸಸಿ ನೆಡುವುದಿಲ್ಲ. ಅಂಗಡಿಗೂ ಅದೇ ಲೆಕ್ಕ.

— ಕಾರ್ಯದರ್ಶಿ