ಸಂಗೀತ ಕಲಿತರೆ ಕಾಲೇಜಿನ ಬಾಗಿಲು ತೆರೆಯುವುದೇ?

ಮೊನ್ನೆ ಭಾನುವಾರ ವಾಚನಾಲಯದಲ್ಲಿ ಪತ್ರಿಕೆಗಳನ್ನು ಜೋಡಿಸಿಡುತ್ತಿದ್ದೆ. ಸಂಘದ ಹಿರಿಯರೊಬ್ಬರು ಬಂದು, “ಏನಪ್ಪಾ ಕಾರಕೂನ, ಮಗಳು ಹತ್ತನೆಯ ಇಯತ್ತೆಗೆ ಬಂದಳು. ಪೇಟಿಯನ್ನು ಕಟ್ಟಿ ಅಟ್ಟಕ್ಕೆ ಏರಿಸಲೋ, ಇಲ್ಲಾ ಅದರಿಂದ ಕಾಲೇಜಿಗೇನಾದರೂ ಉಪಯೋಗವಾದೀತೋ?” ಎಂದು ಕೇಳಿದರು. ನಾನು ಮೆಟ್ರಿಕ್‌ವರೆಗೆ ಓದಿ ಗಿರಣಿಯ ಲೆಕ್ಕ ಬರೆಯುವವನು. ಆದರೂ ಈ ಲೆಕ್ಕವನ್ನು ಪೆಟ್ಟು ತಿಂದು ಕಲಿತಿದ್ದೇನೆ. ಆದ್ದರಿಂದ ವಾಚಕರ ಮುಂದಿಡುವ ಧೈರ್ಯ ಮಾಡಿದ್ದೇನೆ.

ನಮ್ಮ ಮಹಾರಾಷ್ಟ್ರದಲ್ಲಿ ಶಾಸ್ತ್ರೀಯ ಗಾಯನ, ವಾದನ, ನೃತ್ಯ ಕಲಿತ ಮಕ್ಕಳಿಗೆ ಎಸ್.ಎಸ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಅಂಕಗಳುಂಟು. ಸರಕಾರ ಮಾನ್ಯ ಮಾಡಿದ ಸಂಸ್ಥೆಯ ಮೂರು ಪರೀಕ್ಷೆ ತೇರ್ಗಡೆಯಾದರೆ 10, ಐದಾದರೆ 15. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ತೆರೆದ ಗಾಂಧರ್ವ ಮಹಾವಿದ್ಯಾಲಯದ ಪರಂಪರೆಯ ಪರೀಕ್ಷೆಗಳನ್ನೇ ಇಲ್ಲಿ ಹೆಚ್ಚಿನ ಮಕ್ಕಳು ಕಟ್ಟುವುದು: ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ಹೀಗೆ ವಿಶಾರದದವರೆಗೆ. ಐದು ವಿಷಯಗಳ 500 ಅಂಕಗಳಲ್ಲಿ 15 ಎಂದರೆ ಶೇಕಡಾ 3. ಹನ್ನೊಂದನೆಯ ಇಯತ್ತೆಯ ಪ್ರವೇಶ ಈ ಶೇಕಡಾವಾರಿನ ಮೇಲೆಯೇ ನಿಂತಿದೆ. ಒಳ್ಳೆಯ ಕಾಲೇಜುಗಳಲ್ಲಿ ಅರ್ಧ ಅಂಕಕ್ಕೂ ಹತ್ತಾರು ಹುಡುಗರು ಹಿಂದೆ ಸರಿಯುವಾಗ 3 ಎಂಬುದು ಸಣ್ಣದಲ್ಲ.

ಆದರೆ ಅಂಕಗಳು ತಾವಾಗಿ ಬಂದು ಕೂಡುವುದಿಲ್ಲ. ಪ್ರಮಾಣಪತ್ರದ ನಕಲನ್ನು ಅರ್ಜಿಯೊಡನೆ ಗೊತ್ತಾದ ತಾರೀಖಿನೊಳಗೆ ಶಾಲೆಗೆ ಕೊಡಬೇಕು, ಶಾಲೆ ಅದನ್ನು ಮಂಡಳಿಗೆ ಕಳಿಸಬೇಕು. ನನ್ನ ಅಣ್ಣನ ಮಗಳು ಮೂರು ಪರೀಕ್ಷೆ ಮುಗಿಸಿದ್ದಳು. ಅಣ್ಣ ಊರೂರು ತಿರುಗುವ ಕೆಲಸದವನು. ಕಾಗದಪತ್ರದ ಭಾರ ನನ್ನದು. ನಾನು, ದಿನವೂ ಹತ್ತು ರಜಿಸ್ಟರು ತಿದ್ದುವ ಮನುಷ್ಯ, ಆ ಮೂರು ಕಾಗದಗಳನ್ನು ಮಡಿಸಿ ಟ್ರಂಕಿನಲ್ಲಿ ಜೋಪಾನವಾಗಿಟ್ಟೆ! ಶಾಲೆಯವರಿಗೆ ಗೊತ್ತೇ ಇರುತ್ತದೆಂದು ನಂಬಿದ್ದೆ. ಶೇಕಡಾ 2 ಹೋಯಿತು; ಅವಳು ಬಯಸಿದ ಕಾಲೇಜೂ ಹೋಯಿತು. ಹುಡುಗಿ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ಮೆಟ್ಟಿಲುಗಳ ಮಾತು ಬೇರೆ. ವೈದ್ಯಕೀಯಕ್ಕೆ ನೀಟ್, ಇಲ್ಲಿಯ ಇಂಜಿನಿಯರಿಂಗಿಗೆ ರಾಜ್ಯದ ಸಿ.ಇ.ಟಿ.; ಅಲ್ಲಿ ಕೊರಳೂ ಕೇಳುವುದಿಲ್ಲ, ಬೆರಳೂ ನೋಡುವುದಿಲ್ಲ. ಎರಡು ಕಿಟಕಿಗಳು ತೆರೆದಿವೆ. ದಿಲ್ಲಿ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪಠ್ಯೇತರ ಚಟುವಟಿಕೆಯವರಿಗಾಗಿ ಕೆಲವು ಸ್ಥಾನಗಳಿವೆ. 2022ರಲ್ಲಿ ಸಿ.ಯು.ಇ.ಟಿ. ಬಂದಮೇಲೆ ಈ ಸ್ಥಾನಗಳಿಗೆ ಕಲೆಯ ಪರೀಕ್ಷೆ ಹಾಗೂ ಪ್ರಮಾಣಪತ್ರಗಳಿಗೆ 75 ಪಾಲು, ಸಿ.ಯು.ಇ.ಟಿ.ಗೆ 25 ಪಾಲು. ಇನ್ನೊಂದು, ಮದರಾಸಿನ ಐ.ಐ.ಟಿ. 2025-26ರಿಂದ ಕಲಾವಿದರಿಗಾಗಿ ಪ್ರತಿ ಪದವಿ ಶಾಖೆಯಲ್ಲಿ ಎರಡು ಹೆಚ್ಚುವರಿ ಸ್ಥಾನಗಳನ್ನಿಟ್ಟಿದೆ, ಅವುಗಳಲ್ಲೊಂದು ಹೆಣ್ಣುಮಕ್ಕಳಿಗೆ. ಆದರೆ ಜೆ.ಇ.ಇ. ಅಡ್ವಾನ್ಸ್ಡ್ ಪಟ್ಟಿಯಲ್ಲಿ ಹೆಸರಿರಲೇಬೇಕು, ಮೇಲೆ ರಾಷ್ಟ್ರೀಯ ಮಟ್ಟದ ಮನ್ನಣೆಯೂ ಬೇಕು. ಸಿ.ಸಿ.ಆರ್.ಟಿ. ಎಂಬ ಕೇಂದ್ರ ಸಂಸ್ಥೆ 10ರಿಂದ 14ರ ವಯಸ್ಸಿನ ಮಕ್ಕಳಿಗೆ ಕೊಡುವ ವಿದ್ಯಾರ್ಥಿವೇತನ ಅಂಥ ಮನ್ನಣೆಗಳಲ್ಲೊಂದು. ಹತ್ತನೆಯ ಇಯತ್ತೆಯಲ್ಲಿ ಎಚ್ಚತ್ತರೆ ಅದರ ವಯಸ್ಸು ದಾಟಿರುತ್ತದೆ.

ಸಂಗೀತವನ್ನೇ ಓದಬೇಕೆನ್ನುವವರಿಗೆ ದೂರ ಹೋಗಬೇಕಾಗಿಲ್ಲ. 1923ರಲ್ಲಿ ಸ್ಥಾಪಿತವಾದ ನಮ್ಮ ನಾಗಪುರ ವಿಶ್ವವಿದ್ಯಾಲಯದ ಬಿ.ಎ.ಗೆ ಸಂಗೀತವೂ ಒಂದು ವಿಷಯ. ನಾಡಿಗೆ ಮರಳುವವರಿಗೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ಲರ ಹೆಸರಿನ ವಿಶ್ವವಿದ್ಯಾಲಯವೇ ಇದೆ. ಆ ತಾಯಿಯ ಶಾಲೆಯ ಓದು ಪ್ರಾಥಮಿಕಕ್ಕೇ ನಿಂತಿತ್ತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗವನ್ನು ನಡೆಸಿದ ಮಲ್ಲಿಕಾರ್ಜುನ ಮನ್ಸೂರರೂ ಪದವಿ ಓದಿದವರಲ್ಲ. ಇಂದಿನ ಅರ್ಜಿಯ ನಮೂನೆ ತುಂಬಲು ಇವರಿಬ್ಬರಿಗೂ ಸಾಧ್ಯವಾಗುತ್ತಿರಲಿಲ್ಲ.

ಅಂಕಕ್ಕಾಗಿಯೇ ಪೇಟಿ ಕೊಡಿಸುವ ತಂದೆತಾಯಿಗಳನ್ನು ಕಂಡಿದ್ದೇನೆ; ಮೂರು ಪರೀಕ್ಷೆ ಮುಗಿದ ದಿನ ಪೇಟಿಯೂ ಮುಚ್ಚುತ್ತದೆ. ಹೋಗಲಿ, ಆ ಮೂರು ವರ್ಷವಾದರೂ ಮನೆಯಲ್ಲಿ ಸ್ವರ ಕೇಳಿತಲ್ಲ!

ಆ ಹಿರಿಯರಿಗೆ ನಾನು ಕೇಳಿದ್ದು ಎರಡೇ: ಎಷ್ಟು ಪರೀಕ್ಷೆ ಆಗಿದೆ, ಕಾಗದಗಳೆಲ್ಲಿವೆ? ನಾಲ್ಕು ಆಗಿದೆಯಂತೆ, ಒಂದು ಪ್ರಮಾಣಪತ್ರ ಸಿಕ್ಕುತ್ತಿಲ್ಲವಂತೆ. ಬರುವ ಭಾನುವಾರ ಸಿಕ್ಕಷ್ಟನ್ನೆಲ್ಲ ವಾಚನಾಲಯಕ್ಕೆ ತರಲು ಹೇಳಿದ್ದೇನೆ. ಅರ್ಜಿಯನ್ನು ಇಬ್ಬರೂ ಕೂತು ಬರೆಯುತ್ತೇವೆ. ಪೇಟಿ ಸದ್ಯ ಕೆಳಗೇ ಇದೆ.