ನೀರಿಗೆ ಅಂಜಬೇಡ ಮಗಳೇ

ಬಗದಲ್

ಚಿರಂಜೀವಿ ಮೊಮ್ಮಗಳೇ,

ಸೋಯಾ ರಾಶಿ ಮುಗಿಯಿತು. ಧೂಳು ಅಡಗುವ ತನಕ ನಾನು ಹೊಲದ ಕಡೆ ಹೋಗಲಿಲ್ಲ; ನಮ್ಮಿಬ್ಬರ ದಮ್ಮಿನ ಗುಣ ನಿನಗೆ ಗೊತ್ತೇ ಇದೆ. ಕಾಲೇಜಿನಲ್ಲಿ ಈಜು ಕಲಿಸುತ್ತಾರೆ, ದಮ್ಮು ಇದ್ದವಳು ನೀರಿಗೆ ಇಳಿಯಬಹುದೇ ಎಂದು ಕೇಳಿದ್ದೀಯಲ್ಲ, ಅದಕ್ಕೇ ಈ ಕಾಗದ.

ಚಿಕ್ಕಂದಿನಲ್ಲಿ ನನ್ನ ವಾರಿಗೆಯವರೆಲ್ಲ ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಹಾರುತ್ತಿದ್ದರು. ನಾನು ದಂಡೆಯ ಮೇಲೆ ಅವರ ಅಂಗಿ ಕಾಯುತ್ತ ಕೂಡುತ್ತಿದ್ದೆ. ತಣ್ಣೀರು ತಾಗಿದರೆ ದಮ್ಮು ಏಳುತ್ತದೆ ಎಂಬ ಅಂಜಿಕೆ ಅವ್ವನದು. ಆ ಅಂಜಿಕೆಯಲ್ಲೇ ವಯಸ್ಸು ಕಳೆಯಿತು. ಹೋದ ವರ್ಷ ಹೈದರಾಬಾದಿನಲ್ಲಿ ನಿಮ್ಮ ಮನೆಯಲ್ಲಿದ್ದಾಗ ಫಿಜಿಯೋಥೆರಪಿಯವರು ನನ್ನನ್ನು ಬೆಚ್ಚನೆಯ ನೀರಿನ ಕೊಳಕ್ಕೆ ಇಳಿಸಿದರಲ್ಲ, ಒಳಗೆ ಏನಾಯಿತೆಂದು ನಿನಗೆ ಹೇಳಿರಲಿಲ್ಲ.

ಎದೆಮಟ್ಟ ನೀರು. ಕಂಬಿ ಹಿಡಿದು ನಿಂತೆ. ಯಾರೋ ಎದೆ ಅದುಮಿ ಹಿಡಿದ ಹಾಗಾಯಿತು. ನೀರಿನ ಒತ್ತಡ ಪಕ್ಕೆಲುಬಿನ ಮೇಲೆ ಬೀಳುವುದರಿಂದ ಉಸಿರೆಳೆಯುವ ಸ್ನಾಯುಗಳು ಹೆಚ್ಚು ದುಡಿಯಬೇಕು. “ಬಿಸಿ ಚಹಾ ಆರಿಸುವ ಹಾಗೆ ತುಟಿ ಕೂಡಿಸಿ ಮೆಲ್ಲಗೆ ಊದಿ” ಎಂದರು. ಊದಿದೆ, ಮುಂದಿನ ನೀರು ಸಣ್ಣ ತೆರೆಯಾಗಿ ಸರಿಯಿತು. ಹತ್ತು ಸಲ ಊದುವಷ್ಟರಲ್ಲಿ ಎದೆ ಹಗುರಾಯಿತು. ಮೈಭಾರ ನೀರೇ ಹೊತ್ತಿತ್ತು, ಮಂಡಿ ನೋಯಲಿಲ್ಲ. ಎರಡು ತಿಂಗಳು, ವಾರಕ್ಕೆ ಮೂರು ದಿನ ಹೋದೆ. ಊರಿಗೆ ಮರಳಿದ ದಿನ ಬಸ್ ಇಳಿದವನು ಬೇವಿನ ಮರದ ಕೆಳಗೆ ದಣಿವಾರಿಸಿಕೊಳ್ಳದೆ ಮನೆ ಮುಟ್ಟಿದೆ.

ನಿನ್ನ ವಯಸ್ಸಿನವರ ಲೆಕ್ಕವೂ ಇದೆ. 18 ವರ್ಷದವರೆಗಿನ, ಅಸ್ತಮಾ ಅಂದರೆ ನಮ್ಮ ದಮ್ಮು ಇದ್ದವರ ಈಜಿನ ಬಗ್ಗೆ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2013ರಲ್ಲಿ 8 ಅಧ್ಯಯನಗಳನ್ನು, ಅವುಗಳಲ್ಲಿದ್ದ 262 ಮಂದಿಯನ್ನು ಒಟ್ಟಿಗೆ ನೋಡಿತು. ಈಜಿದವರ ಕಸುವೂ ಶ್ವಾಸಕೋಶದ ಶಕ್ತಿಯೂ ಹೆಚ್ಚಿತ್ತು, ಈಜು ಅವರ ಮೈಗೆ ಒಗ್ಗಿತ್ತು. ನೀರಿನ ಮೇಲಿನ ಗಾಳಿ ತೇವವಾಗಿರುತ್ತದೆ. ಒಣಗಾಳಿಯಲ್ಲಿ ಓಡಿದಾಗ ಶ್ವಾಸನಾಳ ಬಿಗಿಯುವಷ್ಟು ಇಲ್ಲಿ ಬಿಗಿಯುವುದಿಲ್ಲ.

ಆದರೆ ಈಜು ದಮ್ಮನ್ನು ಬೇರು ಸಮೇತ ಕೀಳುವುದಿಲ್ಲ. ಔಷಧ ಬಿಡಬೇಡ. ಇನ್ಹೇಲರ್ ಕೊಳದ ದಂಡೆಯ ಮೇಲೆ ಕೈಗೆ ಸಿಗುವಂತಿರಲಿ, ಇಳಿಯುವ ಮೊದಲು ಎಳೆಯಬೇಕೇ ಎಂದು ಡಾಕ್ಟರನ್ನು ಕೇಳು. ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುವ ಕೊಳ ಬೇಡ. ನೆಗಡಿ, ಜ್ವರ ಇದ್ದ ದಿನ ಬೇಡ. ಒಬ್ಬಳೇ ಎಂದೂ ಇಳಿಯಬೇಡ. ಊರಿಗೆ ಬಂದಾಗ ಗೆಳತಿಯರು ಕರೆದರೂ ಕಾರಂಜಾ ಜಲಾಶಯದ ಹಿನ್ನೀರಿಗೆ ಕಾಲಿಡಬೇಡ. ಅಲ್ಲಿ ಆಳ ತಿಳಿಯದು. ಬೀದರಿನ ಝರಣಿ ನರಸಿಂಹನ ಗುಹೆಯಲ್ಲೂ ಎದೆಮಟ್ಟ ನೀರಿದೆ, ಸುಮಾರು 300 ಮೀಟರ್ ನಡೆಯಬೇಕು. ಅದು ಭಕ್ತಿಯ ದಾರಿ. ಗಾಳಿ ಕಟ್ಟಿದ ಆ ಸುರಂಗ ನಮ್ಮಂಥ ಎದೆಯವರಿಗಲ್ಲ. ಸ್ವಾಮಿಗೆ ಹೊರಗಿನಿಂದಲೇ ಕೈಮುಗಿ.

ಈ ವಾರವೇ ಡಾಕ್ಟರನ್ನು ಕಂಡು ಈಜಿಗೆ ಹೆಸರು ಹಚ್ಚು. ನನ್ನ ಹಾಗೆ ದಂಡೆಯ ಮೇಲೆ ಕೂತು ಬೇರೆಯವರ ಅಂಗಿ ಕಾಯಬೇಡ ಮಗಳೇ.

ನಿನ್ನ ಅಜ್ಜ